ಹಿಂದಿನ ಸ್ವೇ ಬಾರ್ ಒಂದೇ ಸಾಕೇ? ಆಕ್ಟೇವಿಯಾ ಆರ್‌ಎಸ್‌ನಲ್ಲಿ ನಾಲ್ಕು ಆಯ್ಕೆಗಳ ಹೋಲಿಕೆ

ತಿರುವಿನಲ್ಲಿ ಕಾರು ವಾಲುತ್ತದೆ ಅಂದರೆ ಸಾಕು, ಮೈಸೂರಿನ ಮಾಡಿಫಿಕೇಶನ್ ಅಂಗಡಿಗಳಲ್ಲಿ ಮೊದಲು ಬರುವ ಸಲಹೆ ‘ಲೋವರಿಂಗ್ ಸ್ಪ್ರಿಂಗ್ ಹಾಕಿಸಿಬಿಡಿ ಸಾರ್’. ಅದಕ್ಕೆ ಒಪ್ಪದಿದ್ದರೆ ‘ಹಿಂದೆ ಮುಂದೆ ಎರಡೂ ಕಡೆ ದಪ್ಪ ಸ್ವೇ ಬಾರ್ ಹಾಕಿ’. ಸ್ವೇ ಬಾರ್ ಅಂದರೆ ಎಡ ಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಜೋಡಿಸಿ, ತಿರುವಿನಲ್ಲಿ ತಿರುಚಿಕೊಂಡು ಬಾಡಿ ವಾಲದಂತೆ ತಡೆಯುವ ಉಕ್ಕಿನ ಸರಳು. ಮೂರನೇ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಲ್ಲಿ ಈ ಎರಡನ್ನೂ, ಜೊತೆಗೆ ಇನ್ನೆರಡು ದಾರಿಗಳನ್ನೂ ಹಾಕಿ ನೋಡಿಯಾಗಿದೆ. ಕಾರು 2017ರಲ್ಲಿ ಇಲ್ಲಿಗೆ ಬಂದದ್ದು: 230 ಪಿಎಸ್, ಮುಂದಿನ ಚಕ್ರಗಳಿಗೆ ಶಕ್ತಿ, ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್. ಹೋಲಿಸಿದ ನಾಲ್ಕು: ಕಂಪನಿಯ ಬಾರ್‌ಗಳನ್ನೇ ಉಳಿಸಿಕೊಂಡು ಹೊಸ ಬುಷ್ (ಬಾರನ್ನು ಹಿಡಿದಿಡುವ ರಬ್ಬರ್ ತುಂಡು) ಮತ್ತು ಲಿಂಕ್ (ಬಾರಿನ ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕಡ್ಡಿ), ಹಿಂದೆ ಮಾತ್ರ ದಪ್ಪ ಬಾರ್, ಎರಡೂ ಕಡೆ ದಪ್ಪ ಬಾರ್, ಬಾರ್ ಮುಟ್ಟದೆ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್. ಟೈರ್ ಬದಲಾಗಲಿಲ್ಲ, ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ಹಿಡಿದದ್ದು, ಪ್ರತಿ ಬದಲಾವಣೆಯ ನಂತರ ಅಲೈನ್‌ಮೆಂಟ್ ನೋಡಿಸಿದ್ದು. ಇಷ್ಟು ಮಾಡದೆ ಹೋಲಿಸಿದರೆ ಟೈರ್ ಗಾಳಿಯ ವ್ಯತ್ಯಾಸವನ್ನೇ ಬಾರಿನ ಗುಣ ಎಂದುಕೊಳ್ಳುತ್ತೀರಿ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಈ ಕಾರಿಗೆ, ಈ ಭಾಗದ ರಸ್ತೆಗಳಿಗೆ, ಹಿಂದಿನ ಬಾರ್ ಒಂದನ್ನೇ ಬದಲಿಸಿ ಅದರ ತುದಿಯ ತೂತುಗಳಲ್ಲಿ ಮೆದು, ಅಂದರೆ ಕಡಿಮೆ ಬಿಗಿತ ಕೊಡುವ, ತೂತಿನಲ್ಲಿ ಲಿಂಕ್ ಕಟ್ಟುವುದು ಉತ್ತಮ. ಎರಡೂ ಕಡೆಯ ಕಿಟ್‌ನಲ್ಲಿ ಕಾರು ಅದಕ್ಕಿಂತ ಕಡಿಮೆ ವಾಲುತ್ತದೆ ನಿಜ, ಆದರೆ ಅದಕ್ಕಿಂತ ಚೆನ್ನಾಗಿ ತಿರುಗುವುದಿಲ್ಲ.

ಕಾರಣ ಇಲ್ಲಿದೆ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹೋಗುವ ಒಟ್ಟು ಭಾರವನ್ನು ನಿರ್ಧರಿಸುವುದು ಮುಖ್ಯವಾಗಿ ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡ ಬಲ ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ವೇಗ. ಬಾರ್ ಎಷ್ಟೇ ದಪ್ಪವಿರಲಿ, ಆ ಒಟ್ಟು ಮೊತ್ತ ಹೆಚ್ಚುಕಮ್ಮಿ ಅಷ್ಟೇ. ಬಾರ್ ಮಾಡುವ ಕೆಲಸ ಎರಡು. ಬಾಡಿ ವಾಲುವ ಕೋನವನ್ನು ಇಳಿಸುತ್ತದೆ. ಆ ಭಾರದಲ್ಲಿ ಮುಂದಿನ ಆಕ್ಸಲ್ ಎಷ್ಟು ಹೊರಬೇಕು, ಹಿಂದಿನದು ಎಷ್ಟು ಹೊರಬೇಕು ಎಂದು ಹಂಚುತ್ತದೆ. ಯಾವ ತುದಿ ಬಿಗಿಯೋ ಆ ತುದಿಯ ಹೊರ ಟೈರಿನ ಮೇಲೆ ಹೊರೆ ಹೆಚ್ಚು, ಆ ತುದಿಯ ಹಿಡಿತ ಮೊದಲು ಮುಗಿಯುತ್ತದೆ. ಮುಂಚಕ್ರಗಳಿಗೆ ಶಕ್ತಿ ಹೋಗುವ ಕಾರುಗಳನ್ನು ಕಂಪನಿಯವರು ಸುರಕ್ಷತೆಗೆಂದು ಮೂಗು ಹೊರಗೆ ಎಳೆಯುವಂತೆಯೇ ಟ್ಯೂನ್ ಮಾಡಿರುತ್ತಾರೆ. ಅದರ ಮುಂದಿನ ಬಾರನ್ನೂ ದಪ್ಪ ಮಾಡಿದರೆ ಇರುವ ದೋಷವನ್ನೇ ಬೆಳೆಸಿದಂತೆ.

ಇನ್ನು ದಪ್ಪದ ಲೆಕ್ಕ. ಗಟ್ಟಿ (ಒಳಗೆ ಪೊಳ್ಳಿಲ್ಲದ) ಬಾರಿನ ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 22 ಮಿ.ಮೀ. ಬಾರಿನ ಜಾಗಕ್ಕೆ 24 ಮಿ.ಮೀ. ಬಂದರೆ ಕಣ್ಣಿಗೆ ಎರಡೇ ಮಿ.ಮೀ., ಬಿಗಿತದಲ್ಲಿ 42% ಹೆಚ್ಚು. 25 ಬಂದರೆ 67%. ಪೊಳ್ಳು ಬಾರ್ ಎಂದರೆ ಮೂಗು ಮುರಿಯುವವರಿದ್ದಾರೆ, ಅವರೂ ಲೆಕ್ಕ ಹಾಕಿ ನೋಡಲಿ: ಹೊರವ್ಯಾಸ 25.4 ಮಿ.ಮೀ., ಗೋಡೆ 4 ಮಿ.ಮೀ. ಇರುವ ಪೊಳ್ಳು ಬಾರ್, 24 ಮಿ.ಮೀ. ಗಟ್ಟಿ ಬಾರಿನ 98% ಬಿಗಿತ ಕೊಡುತ್ತದೆ, ತೂಕ ಮಾತ್ರ 59%. ಆದ್ದರಿಂದ ಎರಡು ಕಂಪನಿಗಳ ಬಾರ್ ಹೋಲಿಸುವಾಗ ಬರೀ ವ್ಯಾಸ ಕೇಳಿದರೆ ಏನೂ ತಿಳಿಯದು. ಗೋಡೆಯ ದಪ್ಪವನ್ನೂ ಕೇಳಬೇಕು. ನಿಮ್ಮ ಕಾರಿನಲ್ಲಿ ಈಗಿರುವುದನ್ನು ಬುಷ್ ಪಕ್ಕದಲ್ಲಿ, ಪೇಂಟ್ ಮೇಲಿನ ಮಣ್ಣು ಒರೆಸಿ, ವರ್ನಿಯರ್ ಹಿಡಿದು ಅಳೆಯಿರಿ.

ಆದರೆ 42% ಬಿಗಿ ಬಾರ್ ಎಂದರೆ 42% ಕಡಿಮೆ ವಾಲಾಟ ಅಲ್ಲ. ವಾಲದಂತೆ ತಡೆಯುವ ಕೆಲಸದಲ್ಲಿ ಸ್ಪ್ರಿಂಗಿನ ಪಾಲೂ ಇದೆ. ಒಂದು ಆಕ್ಸಲ್‌ನಲ್ಲಿ ಬಾರಿನ ಪಾಲು 40% ಎಂದಿಟ್ಟುಕೊಂಡರೆ, ಬಾರ್ 42% ಬಿಗಿಯಾದಾಗ ಆ ಆಕ್ಸಲ್ ಬಿಗಿಯಾಗುವುದು 17% ಅಷ್ಟೇ. ಇಡೀ ಕಾರಿಗೆ ಹಂಚಿದರೆ ಇನ್ನೂ ಕಡಿಮೆ. ಪ್ಯಾಕೆಟ್ ಮೇಲಿನ ಅಂಕಿ ಬಾರಿನದು, ಕಾರಿನದಲ್ಲ.

ಪರೀಕ್ಷೆಗೆ ಆರಿಸಿದ ಜಾಗಗಳನ್ನೂ ಹೇಳಬೇಕು. ಒಂದೇ ವೇಗದಲ್ಲಿ ಸುತ್ತಿ ಕೋನ ನೋಡುವುದಕ್ಕೆ ಖಾಲಿ ಬಡಾವಣೆಯ ವೃತ್ತ. ಎಡ-ಬಲ ತಿರುವುಗಳಿಗೆ ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆಗೆ ಹತ್ತುವ ರಸ್ತೆ. ಲೇನ್ ಬದಲಾವಣೆಗೆ ಬೆಂಗಳೂರು–ಮೈಸೂರು ಹೆದ್ದಾರಿ, 100 ಕಿ.ಮೀ. ಮಿತಿಯೊಳಗೇ. ಹಂಪ್ ಮತ್ತು ಒಡೆದ ಅಂಚುಗಳಿಗೆ ಮಂಡ್ಯ ಸುತ್ತಿನ ಹಳ್ಳಿ ರಸ್ತೆ. ಚಾಮುಂಡಿ ಬೆಟ್ಟದ ರಸ್ತೆ ಬೇಡವೇ ಬೇಡ: ಬೆಳಗ್ಗೆ ನಡೆಯುವವರು, ಓಡುವವರು, ಸೈಕಲ್‌ನವರು, ಆಷಾಢ ಶುಕ್ರವಾರವಂತೂ ಖಾಸಗಿ ವಾಹನ ಬಿಡುವುದೇ ಇಲ್ಲ. ವೃತ್ತದಲ್ಲಿ ವಾಲುವ ಕೋನ ನೋಡಲು ಟ್ರೈಪಾಡ್ ಮೇಲೆ ಫೋನ್ ನಿಲ್ಲಿಸಿ, ಕಾರು ಫೋನಿನಿಂದ ನೇರವಾಗಿ ದೂರ ಹೋಗುವ ಕ್ಷಣದ ಚಿತ್ರ ತೆಗೆದು, ಎರಡು ಟೇಲ್ ಲ್ಯಾಂಪ್‌ಗಳ ನಡುವೆ ಗೆರೆ ಎಳೆದರಾಯಿತು. ಟೈರ್ ಭುಜದ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಎಲ್ಲಿಯವರೆಗೆ ಅಳಿಸಿದೆ ಎಂದು ನೋಡುವುದು ಹಳೆಯ ಉಪಾಯ, ಈಗಲೂ ಸುಳ್ಳು ಹೇಳುವುದಿಲ್ಲ.

ಹೊಸ ಬುಷ್ ಮತ್ತು ಲಿಂಕ್ ಎಂಬ ಅಗ್ಗದ ದಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು. ರಬ್ಬರ್ ಬುಷ್ ಸವೆದು ಬಾರಿನ ಸುತ್ತ ಸಂದು ಬಿದ್ದಿದ್ದರೆ, ಅಥವಾ ಲಿಂಕಿನ ಬಾಲ್ ಜಾಯಿಂಟ್ ಸಡಿಲವಾಗಿದ್ದರೆ, ಕಾರು ಮೊದಲು ಅಷ್ಟು ವಾಲಿದ ಮೇಲೇ ಬಾರ್ ಕೆಲಸಕ್ಕೆ ಬರುತ್ತದೆ. ಹೊಸದು ಹಾಕಿದಾಗ ಸ್ಟೀರಿಂಗ್ ತಿರುಗಿಸಿದ ಕೂಡಲೇ ಬಾಡಿ ಉತ್ತರ ಕೊಡುತ್ತದೆ. ವೃತ್ತದಲ್ಲಿ ಅಳೆದ ಕೋನ ಮಾತ್ರ ಹೆಚ್ಚು ಬದಲಾಗದು. 60–70 ಸಾವಿರ ಕಿ.ಮೀ. ಓಡಿದ ಕಾರಾದರೆ ಮೊದಲು ಇದನ್ನೇ ಮಾಡಿ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದೆಯೇ ನೋಡಿ. ವಾಲುವ ಕೋನ ಬಾರ್ ಮತ್ತು ಸ್ಪ್ರಿಂಗಿನದು. ವಾಲುವ ವೇಗ ಶಾಕಿನದು. ಸತ್ತ ಶಾಕಿನ ಮೇಲೆ ಯಾವ ಬಾರ್ ಹಾಕಿದರೂ ಮೇಲುಕೋಟೆಯ ಎರಡನೇ ತಿರುವಿನಲ್ಲಿ ಕಾರು ತೂಗುತ್ತದೆ.

ಲೋವರಿಂಗ್ ಸ್ಪ್ರಿಂಗ್ ನೋಡುವುದಕ್ಕೆ ಚೆಂದ. ವಾಲಾಟದ ವಿಷಯದಲ್ಲಿ ನಿರೀಕ್ಷಿಸಿದಷ್ಟು ಕೊಡದಿರಲು ಕಾರಣ ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿರುವ ಸಸ್ಪೆನ್ಷನ್. ಕಾರನ್ನು ತಗ್ಗಿಸಿದಾಗ ಕೆಳ ಆರ್ಮಿನ ಕೋನ ಬದಲಾಗಿ, ರೋಲ್ ಸೆಂಟರ್, ಅಂದರೆ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ, ಅಂದರೆ ಬಾಡಿಯನ್ನು ವಾಲಿಸುವ ಸನ್ನೆಯ ಉದ್ದ, ಹೆಚ್ಚಾಗುತ್ತದೆ. ಸ್ಪ್ರಿಂಗ್ ಬಿಗಿಯಾದ ಲಾಭದ ಒಂದು ಪಾಲನ್ನು ಅದೇ ನುಂಗುತ್ತದೆ. ಹೆಡ್‌ಲೈಟ್ ಲೆವೆಲಿಂಗ್ ಸೆನ್ಸರ್ ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು. ಹಳ್ಳಿ ಹಂಪ್‌ಗಳಲ್ಲಿ ಹೊಟ್ಟೆ ಕೆರೆಯುವುದು ಬೇರೆ.

ಹಂಪ್ ಮಾತು ಬಂತು. ಸ್ವೇ ಬಾರ್ ಹಾಕಿದರೆ ಹಂಪ್ ಮೇಲೆ ಕಾರು ಗಡುಸಾಗುತ್ತದೆ ಎನ್ನುವುದು ಅರ್ಧ ನಿಜ. ಎರಡು ಚಕ್ರ ಒಟ್ಟಿಗೆ ಏರಿದರೆ ಬಾರ್ ತಿರುಚಿಕೊಳ್ಳುವುದೇ ಇಲ್ಲ, ಬುಷ್‌ನೊಳಗೆ ಸುಮ್ಮನೆ ಉರುಳುತ್ತದೆ. ನೇರವಾಗಿ ದಾಟಿದ ಹಂಪ್ ಮೊದಲಿನಂತೆಯೇ ಇರುತ್ತದೆ. ತೊಂದರೆ ಕೊಡುವುದು ಒಂದೇ ಬದಿಯ ಏಟು: ಓರೆಯಾಗಿ ದಾಟಿದ ಹಂಪ್, ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಎಡಗಡೆಯ ಎರಡು ಚಕ್ರ ಮಣ್ಣಿಗಿಳಿಸುವುದು, ಮ್ಯಾನ್‌ಹೋಲ್ ಮುಚ್ಚಳ. ಆಗ ಎಡಚಕ್ರದ ಏಟನ್ನು ಬಾರ್ ಬಲಚಕ್ರಕ್ಕೂ ದಾಟಿಸುತ್ತದೆ, ತಲೆ ಆ ಕಡೆ ಈ ಕಡೆ ಅಲ್ಲಾಡುತ್ತದೆ. ಎರಡೂ ಕಡೆಯ ಕಿಟ್ ಸೋತದ್ದು ಇಲ್ಲಿಯೇ. ಹೆದ್ದಾರಿಯಲ್ಲಿ ಲೇನ್ ಬದಲಾಯಿಸುವಾಗ ಕಾರು ರೈಲು ಹಳಿಯ ಮೇಲಿದ್ದಂತೆ. ಅದೇ ಕಾರು ಮಂಡ್ಯದ ಸರ್ವಿಸ್ ರಸ್ತೆಗೆ ಇಳಿದ ಮೇಲೆ ಹಿಂದೆ ಕೂತವರು ಮೇಲಿನ ಹಿಡಿ ಬಿಡುವುದಿಲ್ಲ. ತಿರುವಿನಿಂದ ಹೊರಬರುತ್ತಾ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಮುಂಚಕ್ರ ಹಗುರಾಗಿ ಸುತ್ತುತ್ತದೆ, ಟ್ರಾಕ್ಷನ್ ಕಂಟ್ರೋಲ್ ಶಕ್ತಿ ಕತ್ತರಿಸುತ್ತದೆ. 350 ನ್ಯೂಟನ್ ಮೀಟರ್ ಟಾರ್ಕ್ ಇದ್ದೂ ಉಪಯೋಗವಿಲ್ಲದ ಹಾಗೆ.

ಹಿಂದಿನ ಬಾರ್ ಮಾತ್ರ ದಪ್ಪವಾದಾಗ ಒಳಗಿನ ಹಿಂಚಕ್ರ ಹಗುರಾಗುತ್ತದೆ, ಬಿಗಿ ತೂತಿನಲ್ಲಿ ಕೆಲವೊಮ್ಮೆ ನೆಲವನ್ನೂ ಬಿಡುತ್ತದೆ. ಶಕ್ತಿ ಹೋಗುವುದು ಮುಂದಕ್ಕಾದ್ದರಿಂದ ಇಲ್ಲಿ ನಷ್ಟವಿಲ್ಲ. ಮುಂದಿನ ಎರಡು ಟೈರ್‌ಗಳು ಕೆಲಸ ಹಂಚಿಕೊಳ್ಳುತ್ತವೆ, ಮೂಗು ಒಳಗೆ ಬರುತ್ತದೆ. ಮುಂದಿನ ಹೊರ ಟೈರಿನ ಭುಜದಲ್ಲಿ ಸೀಮೆಸುಣ್ಣ ಮೊದಲಿಗಿಂತ ಕಡಿಮೆ ಅಳಿಸಿದ್ದು ನಾಲ್ಕರಲ್ಲಿ ಇದರಲ್ಲಿ ಮಾತ್ರ. ತೂತಿನ ಆಯ್ಕೆಯೂ ಸಣ್ಣದಲ್ಲ: ಬಿಗಿತವು ಆರ್ಮಿನ (ಬಾರಿನ ಬಾಗಿದ ತುದಿಯ) ಉದ್ದದ ವರ್ಗಕ್ಕೆ ವಿಲೋಮ. ಆರ್ಮ್ 200 ಮಿ.ಮೀ. ಇದ್ದದ್ದು 180ಕ್ಕೆ ಬಂದರೆ 23% ಹೆಚ್ಚು ಬಿಗಿ. ತುದಿಯ ತೂತು ಮೆದು, ಒಳಗಿನದು ಬಿಗಿ. ಎರಡು ಬದಿಯಲ್ಲೂ ಒಂದೇ ತೂತು. ಮಳೆಗಾಲದಲ್ಲಿ ಬಿಗಿ ತೂತು ಬೇಡ. ಒದ್ದೆ ರಸ್ತೆಯ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಹಿಂಭಾಗ ಹೊರಗೆ ಹೊರಡುತ್ತದೆ. ಕಾರು ಜಾರದಂತೆ ತಾನೇ ಬ್ರೇಕ್ ಹಾಕುವ ಇಎಸ್‌ಪಿ ಹಿಡಿಯುತ್ತದೆ ಅನ್ನಿ, ಆದರೆ ಅದನ್ನು ಟ್ಯೂನ್ ಮಾಡಿರುವುದು ಕಂಪನಿಯ ಬಾರಿಗೆ. ಮನೆಯಲ್ಲಿ ಇನ್ನೊಬ್ಬರೂ ಅದೇ ಕಾರು ಓಡಿಸುವುದಾದರೆ ಮೆದು ತೂತಿನಲ್ಲೇ ಬಿಡಿ.

ಜೋಡಣೆಯಲ್ಲೂ ಹಿಂದಿನದೇ ಸುಲಭ. ಹಿಂದಿನ ಎರಡು ಚಕ್ರಗಳನ್ನೂ ಒಟ್ಟಿಗೆ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಒಂದೇ ಬದಿ ಜಾಕ್ ಹಾಕಿದರೆ ಬಾರ್ ತಿರುಚಿಕೊಂಡಿರುತ್ತದೆ, ಲಿಂಕ್ ಬೋಲ್ಟ್ ಹೊರಗೆ ಬರುವುದಿಲ್ಲ, ಸುತ್ತಿಗೆ ಏಟಿಗೆ ಬೋಲ್ಟಿನ ಮರೆ (ಥ್ರೆಡ್) ಕೆಡುತ್ತದೆ. ಲಿಂಕಿನ ನಟ್ ಬಿಚ್ಚುವಾಗ ಬಾಲ್ ಸಮೇತ ಸ್ಟಡ್ ಸುತ್ತಿದರೆ ಅದರ ತುದಿಗೆ ಕೀ ಹಾಕಿ ಹಿಡಿದುಕೊಂಡು ಸ್ಪ್ಯಾನರ್ ತಿರುಗಿಸಿ. ಇಂಪ್ಯಾಕ್ಟ್ ಗನ್ ಇಟ್ಟರೆ ಜಾಯಿಂಟ್ ಬೂಟ್ ಹರಿಯುತ್ತದೆ. ಲಾಕ್ ನಟ್ ಹೊಸದನ್ನೇ ಹಾಕಿ. ಹೊಸ ಬಾರ್ ಕೂತ ಮೇಲೆ ಸಸ್ಪೆನ್ಷನ್ ಪೂರ್ತಿ ಇಳಿದಾಗಲೂ, ಜಾಕ್‌ನಿಂದ ಮೇಲೊತ್ತಿದಾಗಲೂ ಎಕ್ಸಾಸ್ಟ್, ಬ್ರೇಕ್ ಹೋಸ್, ಸೆನ್ಸರ್ ವೈರ್ ಯಾವುದಕ್ಕೂ ತಾಗುತ್ತಿಲ್ಲ ಎಂದು ನೋಡಬೇಕು. ಕೊನೆಯ ಬಿಗಿತ ಚಕ್ರದ ಮೇಲೆ ಭಾರ ಬಿದ್ದ ನಂತರ, ರ್‍ಯಾಂಪ್ ಮೇಲೆ. ಟಾರ್ಕ್ ಎಷ್ಟು ಎಂಬುದಕ್ಕೆ ಬಾರಿನ ಜೊತೆ ಬಂದ ಹಾಳೆ ಮತ್ತು ಕಾರಿನ ವರ್ಕ್‌ಶಾಪ್ ಮ್ಯಾನುಯಲ್, ಕೈಯಂದಾಜು ಸಲ್ಲದು.

ಎಡ ಬಲ ತಿರುವುಗಳಲ್ಲಿ ಕಾರು ಬೇರೆ ಬೇರೆ ರೀತಿ ನಡೆದುಕೊಂಡರೆ ಪ್ರೀಲೋಡ್ ಇದೆ, ಅಂದರೆ ಕಾರು ನೇರ ನಿಂತಾಗಲೂ ಬಾರ್ ಸ್ವಲ್ಪ ತಿರುಚಿಕೊಂಡಿದೆ ಎಂದರ್ಥ. ಸಮತಟ್ಟು ನೆಲದಲ್ಲಿ, ಡ್ರೈವರ್ ಸೀಟಿನಲ್ಲಿ ಓಡಿಸುವವರ ತೂಕ ಇಟ್ಟು, ಒಂದು ಬದಿಯ ಲಿಂಕ್ ಕಟ್ಟಿ; ಇನ್ನೊಂದು ಬದಿಯ ಸ್ಟಡ್ ಬೆರಳಿನ ಒತ್ತಡಕ್ಕೇ ತೂತಿಗೆ ಇಳಿಯಬೇಕು. ಎಳೆದು ತೂರಿಸಬೇಕಾಗಿ ಬಂದರೆ ಉದ್ದ ಹೊಂದಿಸುವ ಲಿಂಕ್ ಬೇಕು.

ಮುಂದಿನ ಬಾರ್ ಬೇರೆಯೇ ಕಥೆ. ಸಬ್‌ಫ್ರೇಮ್, ಅಂದರೆ ಮುಂದಿನ ಸಸ್ಪೆನ್ಷನ್ ಹೊತ್ತ ಚೌಕಟ್ಟು, ಇಳಿಸದೆ ಅದು ಹೊರಬರುವುದಿಲ್ಲ. ಇಂಜಿನ್ನಿನ ಕೆಳ ಮೌಂಟ್ ಬಿಚ್ಚಬೇಕು, ಸ್ಟೀರಿಂಗ್ ರ್‍ಯಾಕ್ ಜೋಪಾನ ಮಾಡಬೇಕು, ಸಬ್‌ಫ್ರೇಮ್‌ನ ಹಿಗ್ಗುವ ಬೋಲ್ಟ್‌ಗಳು ಒಮ್ಮೆ ಬಿಚ್ಚಿದ ಮೇಲೆ ಹೊಸವೇ ಆಗಬೇಕು, ಕೊನೆಗೆ ಅಲೈನ್‌ಮೆಂಟ್. ಹಳೆ ಬೋಲ್ಟನ್ನೇ ಮತ್ತೆ ಬಿಗಿಯುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಪಾಲಿಯುರಿಥೇನ್ ಬುಷ್ ರಬ್ಬರಿಗಿಂತ ಚುರುಕು, ಆದರೆ ಸದ್ದು ಮಾಡುತ್ತದೆ. ಒಳಗೋಡೆಯ ತುಂಬ ಸಿಲಿಕೋನ್ ಗ್ರೀಸ್ ಬಳಿಯಬೇಕು. ಸಾಮಾನ್ಯ ಚಾಸಿ ಗ್ರೀಸ್ ಮೊದಲ ಮಳೆಗೇ ತೊಳೆದುಹೋಗುತ್ತದೆ, ಪಕ್ಕದ ರಬ್ಬರ್ ಭಾಗಗಳನ್ನೂ ಉಬ್ಬಿಸುತ್ತದೆ. ನಾಲೆ ಏರಿಯ ಮಣ್ಣು ರಸ್ತೆಗಳಲ್ಲಿ ಓಡಾಡುವ ಕಾರಾದರೆ ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಮತ್ತೆ ಹಚ್ಚಬೇಕು. ಇಷ್ಟು ಕೆಲಸ ಬೇಡ ಎನ್ನುವವರು ದಪ್ಪ ಬಾರಿಗೆ ಸರಿಹೊಂದುವ ರಬ್ಬರ್ ಬುಷ್ ಇರುವ ಕಿಟ್ಟನ್ನೇ ಹುಡುಕಿ.

ಪೋಲೋ ಜಿಟಿ ಟಿಎಸ್‌ಐ ಇರುವವರು ಇದನ್ನು ಹಾಗೇ ಅನುಸರಿಸಬಾರದು. ಅದರ ಹಿಂದೆ ಇರುವುದು ಟಾರ್ಷನ್ ಬೀಮ್, ಅಂದರೆ ಎರಡು ಹಿಂಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ; ತಿರುಚಿಕೊಂಡು ವಾಲಾಟ ತಡೆಯುವ ಕೆಲಸವನ್ನು ಬೀಮೇ ಮಾಡುತ್ತದೆ. ಅದಕ್ಕೆ ಹೆಚ್ಚುವರಿಯಾಗಿ ಬೋಲ್ಟ್ ಹಾಕುವ ಬಾರ್ ಬೇರೆ ಬಗೆಯದು. ಹಿಂಚಕ್ರಕ್ಕೆ ಶಕ್ತಿ ಹೋಗುವ ಸ್ಪೋರ್ಟ್ಸ್ ಕಾರುಗಳಲ್ಲಂತೂ ಲೆಕ್ಕ ತಿರುಗುಮುರುಗು: ಅಲ್ಲಿ ಹಿಂದೆ ಮಾತ್ರ ಬಿಗಿ ಮಾಡಿದರೆ ಒಳಗಿನ ಹಿಂಚಕ್ರ ಹಿಡಿತ ಬಿಟ್ಟು ಕಾರು ಸುತ್ತುತ್ತದೆ. ಸಾಮಾನ್ಯವಾಗಿ ಮುಂದಿನದರಿಂದಲೇ ಶುರು ಮಾಡಬೇಕು.

ಹಾಕಿಸಿ 500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್‌ಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಸಣ್ಣ ಗುಂಡಿಗಳಲ್ಲಿ ‘ಟಕ್ ಟಕ್’ ಅಂದರೆ ಲಿಂಕ್ ನಟ್ ಸಡಿಲ. ನಿಧಾನಕ್ಕೆ ಹಂಪ್ ಇಳಿಯುವಾಗ ‘ಕಿರ್’ ಅಂದರೆ ಬುಷ್‌ನಲ್ಲಿ ಗ್ರೀಸ್ ಇಲ್ಲ. ತಿರುವಿನಲ್ಲಿ ಮಾತ್ರ ಒಮ್ಮೆ ‘ಧಡ್’ ಅಂದರೆ ಬಾರ್ ಪಕ್ಕಕ್ಕೆ ಜಾರುತ್ತಿದೆ, ಬುಷ್ ಪಕ್ಕದ ಲಾಕ್ ಕಾಲರ್ ನೋಡಿ.