ಸ್ನಾನದ ನೀರು: ರಾಡ್, ಗ್ಯಾಸ್ ಗೀಸರ್, ಸೋಲಾರ್

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾದ ಹಾಗೆಲ್ಲ ನಮ್ಮ ಬಚ್ಚಲಿನ ವ್ಯವಸ್ಥೆಯೂ ಬದಲಾಯಿತು. ಶ್ರೀನಗರದಲ್ಲಿ ಇಮ್ಮರ್ಶನ್ ರಾಡ್, ವಿಜಯನಗರದಲ್ಲಿ ಗ್ಯಾಸ್ ಗೀಸರ್, ಈಗ ಜೆ.ಪಿ. ನಗರದಲ್ಲಿ ಸೋಲಾರ್. ಇವುಗಳಲ್ಲಿ ಯಾವುದು ಮೇಲು ಅನ್ನುವುದು ಥರ್ಮೋಡೈನಮಿಕ್ಸಿನ, ಅಂದರೆ ಶಾಖ ಮತ್ತು ಶಕ್ತಿಯ ವಿಜ್ಞಾನದ, ಯಾವ ನಿಯಮ ಹಿಡಿದು ಅಳೆಯುತ್ತೀರಿ ಅನ್ನುವುದನ್ನು ಅವಲಂಬಿಸಿದೆ.

ಮೊದಲ ನಿಯಮ ಬರೀ ಲೆಕ್ಕ ಕೇಳುತ್ತದೆ: ಶಕ್ತಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ, ರೂಪ ಬದಲಿಸುತ್ತದೆ ಅಷ್ಟೆ. 20 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು 1,670 ಕಿಲೋಜೂಲ್ ಬೇಕು, ಅಂದರೆ ಅರ್ಧ ಯೂನಿಟ್ಟಿಗೆ ತುಸು ಕಡಿಮೆ. ಯಾವುದರಿಂದ ಕಾಯಿಸಿದರೂ ಇದರಲ್ಲಿ ರಿಯಾಯಿತಿ ಇಲ್ಲ. 1.5 ಕಿಲೋವ್ಯಾಟ್ ರಾಡ್ ಇದನ್ನು 20 ನಿಮಿಷದಲ್ಲಿ ಮುಗಿಸುತ್ತದೆ, ಶಾಖ ಹೆಚ್ಚುಕಡಿಮೆ ಪೂರ್ತಿ ನೀರಿಗೇ ಸೇರುತ್ತದೆ. ಆದರೆ ಕಾಯಿಲ್ ಬಕೆಟ್ಟಿನ ತಳದವರೆಗೆ ಇಳಿದಿರಬೇಕು. ಬಿಸಿ ನೀರು ಮೇಲಕ್ಕೇ ಏರುವುದರಿಂದ ಕಾಯಿಲಿನ ಕೆಳಗಿನ ನೀರು ತಣ್ಣಗೇ ಉಳಿಯುತ್ತದೆ. ಮೇಲೆ ಕೈಯಿಟ್ಟರೆ ಸುಡುತ್ತದೆ, ಚೊಂಬು ಆಳಕ್ಕೆ ಹೋದರೆ ಮೈ ನಡುಗುತ್ತದೆ.

ಎರಡನೇ ನಿಯಮ ಶಕ್ತಿಯ ಗುಣಮಟ್ಟವನ್ನೂ ನೋಡುತ್ತದೆ, ಅಲ್ಲಿ ರಾಡ್ ಸೋಲುತ್ತದೆ. ರಾಯಚೂರಿನಂಥ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಸರಿಸುಮಾರು ಮೂರನೇ ಒಂದು ಭಾಗ ಮಾತ್ರ ವಿದ್ಯುತ್ ಆಗುತ್ತದೆ, ಉಳಿದದ್ದು ಕೂಲಿಂಗ್ ಟವರ್ ಮತ್ತು ಚಿಮಣಿಯ ಪಾಲು. ಶಾಖವನ್ನು ಪೂರ್ತಿ ಕೆಲಸವಾಗಿಸಲು ಆಗದು, ಅದಕ್ಕೊಂದು ಮಿತಿ ಇದೆ ಎಂದು ಫ್ರೆಂಚ್ ಎಂಜಿನಿಯರ್ ಕಾರ್ನೋ 1824ರಲ್ಲೇ ತೋರಿಸಿದ್ದ. ಅಷ್ಟು ನಷ್ಟ ಅನುಭವಿಸಿ ಪಡೆದ ವಿದ್ಯುತ್ತನ್ನು ಮತ್ತೆ ಉಗುರುಬೆಚ್ಚಗಿನ ಶಾಖವಾಗಿಸುವುದು ಶ್ರೀಗಂಧವನ್ನು ಒಲೆಗೆ ಹಾಕಿದಂತೆ. ನಮ್ಮ ರಾಜ್ಯಕ್ಕೆ ಶರಾವತಿಯ ಜಲವಿದ್ಯುತ್ತೂ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕೂ ಇವೆ, ನಿಜ. ಆದರೆ ಊರೆಲ್ಲ ಗೀಸರ್ ಹಾಕುವ ಬೆಳಗಿನ ಆರು ಗಂಟೆಗೆ ಪಾವಗಡದಲ್ಲಿ ಬಿಸಿಲಿರುವುದಿಲ್ಲ.

ಗ್ಯಾಸ್ ಗೀಸರಿನಲ್ಲಿ ಈ ಸುತ್ತುಬಳಸು ಇಲ್ಲ. ಉರಿಯ ಶಾಖ ನೇರ ನೀರಿಗೆ, ನಲ್ಲಿ ತಿರುಗಿಸಿದ ಕೂಡಲೇ ಬಿಸಿ. ಆದರೂ ಮುಚ್ಚಿದ ಬಚ್ಚಲೊಳಗೆ ಅದನ್ನು ದಯವಿಟ್ಟು ಇಡಬೇಡಿ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ಹೋಗುತ್ತದೆ. ಇಡುವುದಾದರೆ ಗಾಳಿಯಾಡುವ ಕಡೆ, ಬಚ್ಚಲಿನ ಹೊರಗೆ.

ನನ್ನ ಮತ ಸೋಲಾರಿಗೆ. ಮಧ್ಯಾಹ್ನ ತಾರಸಿಗೆ ಹೋಗಿ ಸೋಲಾರ್ ಹೀಟರಿನ ಗಾಜಿನ ಟ್ಯೂಬನ್ನು ಮುಟ್ಟಿ ನೋಡಿ. ಒಳಗೆ ನೀರು ಸುಡುತ್ತಿದ್ದರೂ ಹೊರಗಿನ ಗಾಜು ಸುಡುವುದಿಲ್ಲ. ಎರಡು ಗಾಜಿನ ನಡುವೆ ನಿರ್ವಾತ. ಶಾಖ ವಸ್ತುವಿನ ಮೂಲಕ ಹರಿಯುವ ವಹನಕ್ಕೂ, ಗಾಳಿ-ನೀರಿನ ಚಲನೆಯೊಡನೆ ಸಾಗುವ ಸಂವಹನಕ್ಕೂ ಅಲ್ಲಿ ದಾರಿಯಿಲ್ಲ. ವಿಕಿರಣ ಮಾತ್ರ ದಾಟಬಲ್ಲದು, ಒಳಗಿನ ಕಪ್ಪು ಲೇಪ ಬಿಸಿಲನ್ನು ಹೀರಿಕೊಂಡು ಶಾಖವನ್ನು ಬಹಳ ಕಡಿಮೆ ಹೊರಬಿಡುತ್ತದೆ. ಕಾದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರುತ್ತದೆ, ಪಂಪ್ ಬೇಡ. ಎಷ್ಟು ಚಂದದ ಏರ್ಪಾಡು! ಬಿಸಿಲಿನಂಥ ಉತ್ಕೃಷ್ಟ ಶಕ್ತಿ ಇಲ್ಲೂ ಬಿಸಿನೀರಿಗೇ ಇಳಿಯುತ್ತದೆ, ಒಪ್ಪುತ್ತೇನೆ. ಆದರೆ ಅದು ಹೇಗಿದ್ದರೂ ತಾರಸಿಯ ಕಾಂಕ್ರೀಟ್ ಕಾಯಿಸಿ ಮುಗಿದುಹೋಗುತ್ತಿತ್ತು.

ತೊಂದರೆ ಇಲ್ಲವೆಂದಲ್ಲ. ಜುಲೈ ಮೋಡದಲ್ಲಿ ನೀರು ಸರಿಯಾಗಿ ಕಾಯುವುದಿಲ್ಲ, ಬ್ಯಾಕಪ್ ಕಾಯಿಲ್ ಬೇಕೇ ಬೇಕು. ಬೋರ್‌ವೆಲ್ ನೀರಾದರೆ ಟ್ಯೂಬಿನೊಳಗೆ ಬಿಳಿ ಗಸಿ ಕಟ್ಟಿ ಶಾಖ ದಾಟುವುದನ್ನು ತಡೆಯುತ್ತದೆ.

ತಾರಸಿಯ ಹಕ್ಕಿಲ್ಲದ ಫ್ಲ್ಯಾಟಿನವರು ಹೀಟ್ ಪಂಪ್ ನೋಡಬಹುದು. ತಂಗಿಯ ಮನೆಯಲ್ಲಿದೆ. ಒಂದು ಯೂನಿಟ್ ವಿದ್ಯುತ್ತಿನಿಂದ ಹೊರಗಾಳಿಯ ಶಾಖವನ್ನು ಎತ್ತಿ ತಂದು ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ನಮ್ಮೂರ ಚಳಿ ಸೌಮ್ಯವಾದ್ದರಿಂದ ಜನವರಿಯಲ್ಲೂ ಅದಕ್ಕೆ ಕಷ್ಟವಾಗದು. ಬೆಲೆ ಜಾಸ್ತಿ, ಸದ್ದೂ ಇದೆ. ಯುಟಿಲಿಟಿಯಲ್ಲಿಟ್ಟರೆ ಮಲಗುವ ಕೋಣೆಗೆ ಕೇಳಿಸದು.