ಕಾಫಿ ಮೆಷಿನ್ ಆಮೇಲೆ, ಮೊದಲು ಗ್ರೈಂಡರ್ ನೋಡಿ

ಹತ್ತು ಸಾವಿರ ಇದೆ, ಮನೆಗೆ ಯಾವ ಕಾಫಿ ಮೆಷಿನ್ ತಗೊಳ್ಳಲಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಆ ದುಡ್ಡಿಗೆ ಮೆಷಿನ್ ಬೇಡ. ಅರ್ಧ ದುಡ್ಡನ್ನು ಕಾಫಿ ಬೀಜ ಬೀಸುವ ಒಂದು ಒಳ್ಳೆ ಕೈ ಗ್ರೈಂಡರಿಗೆ ಹಾಕಿ, ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತಗೊಳ್ಳಿ, ಉಳಿದಿದ್ದನ್ನು ಬೀಜಕ್ಕೆ ಇಡಿ. ಇಳಿಸೋದಕ್ಕೆ ಮನೆಯಲ್ಲಿರುವ ಸ್ಟೀಲ್ ಫಿಲ್ಟರೇ ಸಾಕು.

ಆದರೆ ಎಲ್ಲರಿಗೂ ಗ್ರೈಂಡರ್ ಬೇಕು ಅಂತಲೂ ಇಲ್ಲ. ನೀವು ಕುಡಿಯುವುದು ಚಿಕೋರಿ ಹಾಕಿದ ಹಾಲಿನ ಕಾಫಿ ಮಾತ್ರ, ಮನೆ ಹತ್ತಿರವೇ ಕಣ್ಣೆದುರು ಬೀಜ ಬೀಸಿಕೊಡುವ ಅಂಗಡಿಯೂ ಇದೆ ಅಂದರೆ ಸುಮ್ನೆ ಅಲ್ಲೇ ತಗೊಳ್ಳಿ. ಗಾಂಧಿ ಬಜಾರ್, ಮಲ್ಲೇಶ್ವರದ ಕಡೆಯವರಿಗೆ ಈ ಭಾಗ್ಯ ಇನ್ನೂ ಇದೆ. ಅಂಗಡಿಯ ದೊಡ್ಡ ಮಿಷನ್ನು ಬೀಸುವಷ್ಟು ಸಮನಾಗಿ ಅಗ್ಗದ ಗ್ರೈಂಡರ್ ಬೀಸೋದಿಲ್ಲ. ಅರ್ಧ ಕೆಜಿ ತಂದು ತಿಂಗಳುಗಟ್ಟಲೆ ಇಡಬೇಡಿ, ನೂರಿನ್ನೂರು ಗ್ರಾಂ ಸಾಕು. ಇಷ್ಟು ಮಾಡಿದರೆ ಸಾಮಾನಿಗೆ ನಿಮ್ಮ ಖರ್ಚು ಸೊನ್ನೆ. ಕಪ್ಪು ಕಾಫಿಯ ರುಚಿ ಹತ್ತಿದವರು, ಎಸ್ಟೇಟ್ ಹೆಸರಿರುವ ಬೀಜ ತರಿಸುವವರು, ಅಂಗಡಿ ದೂರ ಇರುವವರು ಮುಂದೆ ಓದಿ.

ಮಿಕ್ಸಿಯಲ್ಲೇ ಪುಡಿ ಮಾಡಿದರೆ ಆಗಲ್ವಾ? ಆಗುತ್ತದೆ. ಆ ಪುಡಿಯನ್ನು ಒಂದು ಬಿಳಿ ಹಾಳೆ ಮೇಲೆ ಹರಡಿ ನೋಡಿ. ಒಂದಷ್ಟು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ, ಅದರ ಪಕ್ಕದಲ್ಲೇ ಕಾಲು ಬೀಜದಷ್ಟು ದಪ್ಪದ ಚೂರು. ಒಂದೇ ನೀರು ಎರಡರ ಮೇಲೂ ಹೋಗುತ್ತದೆ, ನಯವಾಗಿದ್ದದ್ದು ಕಹಿ ಬಿಡುತ್ತದೆ, ಚೂರು ಒಳಗಿನ ರುಚಿಯನ್ನು ಬಿಡುವುದೇ ಇಲ್ಲ, ಹುಳಿ ಹುಳಿ. ಒಂದೇ ಲೋಟದಲ್ಲಿ ಎರಡೂ ಸಿಗುತ್ತದೆ. ಸ್ಟೀಲ್ ಫಿಲ್ಟರಿನಲ್ಲಿ ಇನ್ನೊಂದು ತೊಂದರೆ, ಆ ನಯ ಪುಡಿ ಹೋಗಿ ತೂತುಗಳಲ್ಲಿ ಕೂರುತ್ತದೆ, ಡಿಕಾಕ್ಷನ್ ಇಳಿಯೋದಿಲ್ಲ. ಮಿಕ್ಸಿಯ ಬ್ಲೇಡು ಬೀಜವನ್ನು ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ. ಬರ್ ಗ್ರೈಂಡರಿನಲ್ಲಿ ಬರ್ ಅನ್ನುವ, ಹಲ್ಲಿರುವ ಎರಡು ಭಾಗಗಳ ನಡುವೆ ಸಂದು ಇರುತ್ತದೆ, ಆ ಸಂದಿನಷ್ಟು ಸಣ್ಣಗಾದರೆ ಮಾತ್ರ ಪುಡಿ ಕೆಳಗೆ ಬೀಳುತ್ತದೆ. ಮಲೆನಾಡಿನ ಹಳೆ ಮನೆಗಳಲ್ಲಿ ಹಲಗೆಗೆ ಬಿಗಿದು ಕೂರಿಸಿದ ಕಬ್ಬಿಣದ ಕಾಫಿ ಮಿಷನ್ ಇರುತ್ತಿತ್ತಲ್ಲ, ಹಿಡಿ ತಿರುಗಿಸೋದು, ಅದೂ ಬರ್ ಗ್ರೈಂಡರೇ.

ನಾನು ಬಳಸುವುದು ಟೈಮ್‌ಮೋರ್ ಸಿ2 ಕೈ ಗ್ರೈಂಡರ್. ಚೀನಾದ್ದು, ಒಳಗಡೆ 38 ಮಿಲಿಮೀಟರ್ ಸ್ಟೀಲ್ ಬರ್, ಹೊರಗೆ ಅಲ್ಯೂಮಿನಿಯಂ ಮೈ. ಐದಾರು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಕೆಳಗಿನ ಡಬ್ಬಿ ತಿರುಗಿಸಿ ತೆಗೆದರೆ ಬರ್ ಅಡಿಯಲ್ಲಿ ಒಂದು ಚಕ್ರ ಇದೆ. ಅದನ್ನು ಪೂರ್ತಿ ಬಿಗಿ ಮಾಡಿದರೆ ಹಿಡಿ ತಿರುಗುವುದಿಲ್ಲ, ಅದು ಸೊನ್ನೆ. ಅಲ್ಲಿಂದ ಸಡಿಲಿಸುತ್ತಾ ಕಟ್ ಕಟ್ ಅನ್ನುವ ಕ್ಲಿಕ್ ಎಣಿಸಿಕೊಳ್ಳಬೇಕು, ನಂಬರ್ ಬರೆದಿಲ್ಲ. ನನ್ನದರಲ್ಲಿ ಸ್ಟೀಲ್ ಫಿಲ್ಟರಿಗೆ 13-14, ಪೇಪರ್ ಡ್ರಿಪ್ಪಿಗೆ (ಕಾಗದದ ಫಿಲ್ಟರಿನಲ್ಲಿ ಇಳಿಸೋದು) 20ರ ಹತ್ತಿರ, ಫ್ರೆಂಚ್ ಪ್ರೆಸ್ಸಿಗೆ (ಪುಡಿ ನೀರಲ್ಲಿ ನೆನೆಸಿ ಜಾಲರಿಯಿಂದ ಕೆಳಗೆ ಒತ್ತೋದು) 25ರ ಮೇಲೆ. ನಿಮ್ಮದರಲ್ಲಿ ಒಂದೆರಡು ಆಚೀಚೆ ಆಗಬಹುದು, ಕಣ್ಣಳತೆಗೆ ಬೇಕಿದ್ದರೆ ಫಿಲ್ಟರಿಗೆ ಚಿರೋಟಿ ರವೆ, ಪ್ರೆಸ್ಸಿಗೆ ಉಪ್ಪಿಟ್ಟಿನ ರವೆ, ಡ್ರಿಪ್ಪಿಗೆ ಎರಡರ ನಡುವಿನದು. ಒಂದು ಸಲಕ್ಕೆ 20-25 ಗ್ರಾಂ ಬೀಜ ಹಿಡಿಯುತ್ತದೆ, ಇಬ್ಬರಿಗೆ ಸರಿ. ನೆಂಟರು ಬಂದ ದಿನ ಮಾತ್ರ ತೋಳಿಗೆ ವ್ಯಾಯಾಮ. ತಿಳಿ ಹುರಿದ ಬೀಜ ಗಟ್ಟಿ, ತಿರುಗಿಸೋದು ಕಷ್ಟ. ಪುಡಿ ಡಬ್ಬಿಗೆ ಅಂಟುತ್ತಿದ್ದರೆ ಬೀಸುವ ಮುಂಚೆ ಬೀಜಕ್ಕೆ ಒದ್ದೆ ಚಮಚದ ತುದಿ ಆಡಿಸಿ, ಒಂದು ಹನಿ ಸಾಕು, ಅಂಟುವುದು ನಿಲ್ಲುತ್ತದೆ.

ಇದಕ್ಕಿಂತ ಅಗ್ಗದ, ಸೆರಾಮಿಕ್ ಬರ್ ಇರುವ ಗ್ರೈಂಡರುಗಳು ಸಾವಿರ ಚಿಲ್ಲರೆಗೆ ಸಿಗುತ್ತವೆ. ಬೇಡ. ಅಂಥವುಗಳಲ್ಲಿ ನಡುವಿನ ಕಂಬಿ ಅಲ್ಲಾಡುವುದು ಸಾಮಾನ್ಯ, ದಪ್ಪ ಪುಡಿಗೆ ಇಟ್ಟಾಗ ಮಿಕ್ಸಿಗಿಂತ ಏನೂ ಮೇಲಲ್ಲ. ಮೇಲಕ್ಕೆ ಹೋದರೆ ತೈವಾನಿನ ಒನ್‌ಝೆಡ್‌ಪ್ರೆಸ್ಸೋ, ಜರ್ಮನಿಯ ಕಮಾಂಡಾಂಟೆ ಇವೆ. ಒಳ್ಳೆಯವೇ, ಆದರೆ ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ ಹಾಕುವವರಿಗೆ ಆ ವ್ಯತ್ಯಾಸ ನಾಲಿಗೆಗೆ ಸಿಗೋದಿಲ್ಲ. ಕೈ, ಮೊಣಕೈ ನೋವಿರುವವರಿಗೆ, ದಿನಾ ಐದಾರು ಲೋಟ ಮಾಡುವ ಮನೆಗೆ ಕರೆಂಟಿನದ್ದೇ ಸರಿ. ಬರಾಟ್ಜಾ ಎನ್ಕೋರ್‌ನಲ್ಲಿ ಪುಡಿ ನಯ, ದಪ್ಪ ಮಾಡಿಕೊಳ್ಳಲು 40 ಹಂತ ಇದೆ, ಬೆಲೆ ಮಾತ್ರ ಕೈಯದಕ್ಕಿಂತ ಹಲವು ಪಟ್ಟು.

ಚಿಕೋರಿಯನ್ನು ಈ ಗ್ರೈಂಡರುಗಳಿಗೆ ಹಾಕಲೇಬೇಡಿ. ಅದು ತೇವ ಹೀರಿ ಅಂಟಂಟಾಗುತ್ತದೆ, ಹಲ್ಲುಗಳಲ್ಲಿ ಕಚ್ಚಿಕೊಳ್ಳುತ್ತದೆ. ಚಿಕೋರಿ ಪುಡಿಯನ್ನೇ ಬೇರೆ ತಂದಿಟ್ಟು, ಬೀಸಿದ ಮೇಲೆ ತೂಕ ಮಾಡಿ ಬೆರೆಸಿ. 16 ಗ್ರಾಂ ಕಾಫಿಗೆ 4 ಗ್ರಾಂ ಹಾಕಿದರೆ 80:20 ಆಯಿತು. ಪ್ಯಾಕೆಟ್ ಪುಡಿಯಲ್ಲಿ 49 ಪರ್ಸೆಂಟ್ ತನಕ ಚಿಕೋರಿ ಇರಬಹುದು, ಪ್ಯಾಕೆಟ್ ಮೇಲೆ ಬರೆದಿರುತ್ತಾರೆ, ನೋಡಿ ತಗೊಳ್ಳಿ.

ಇನ್ನು ಇಳಿಸುವ ಸಾಮಾನು. ಹೊಸ ಫಿಲ್ಟರ್ ಕೊಳ್ಳುವಾಗ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿಯಿರಿ. ತೂತು ಸಣ್ಣಗೆ, ಒಂದೇ ಸಮ ಇರಬೇಕು, ಅರ್ಧಂಬರ್ಧ ತೆರೆದ ತೂತಿದ್ದರೆ ವಾಪಸ್ ಇಡಿ. ಸೈಜು ನಿಮ್ಮ ಮನೆಯ ಲೆಕ್ಕಕ್ಕೆ ತಕ್ಕಂತಿರಲಿ, ಆರು ಜನರ ಫಿಲ್ಟರಿನಲ್ಲಿ ಇಬ್ಬರ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಸುಮ್ನೆ ಓಡಿಹೋಗುತ್ತದೆ. ಪುಡಿ ಹಾಕಿ ಮೆಲ್ಲಗೆ ತಟ್ಟಿ, ಒತ್ತಿ ಗಟ್ಟಿ ಮಾಡಬೇಡಿ. ಕುದಿ ನಿಂತ ನೀರನ್ನು ಮೊದಲು ಪುಡಿ ನೆನೆಯುವಷ್ಟು, ಅರ್ಧ ನಿಮಿಷ ಬಿಟ್ಟು ಉಳಿದದ್ದು. ಎಷ್ಟು ಹೊತ್ತಾದರೂ ಇಳಿಯುತ್ತಿಲ್ಲ ಅಂದರೆ ಪುಡಿಯನ್ನು ಬೈಯುವ ಮೊದಲು ಮೇಲಿನ ಪಾತ್ರೆಯನ್ನು ಒಂದಿಷ್ಟು ಎತ್ತಿ ಓರೆ ಮಾಡಿ ಕೂರಿಸಿ. ಎರಡೂ ಬಿಗಿಯಾಗಿ ಕೂತಾಗ ಕೆಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರೋದಿಲ್ಲ, ಎತ್ತಿದ ಕೂಡಲೇ ತೊಟ್ಟಿಕ್ಕುವ ಸದ್ದು ಶುರುವಾಗುತ್ತದೆ. ತೂತು ಕಟ್ಟಿದ್ದರೆ ಖಾಲಿ ಪಾತ್ರೆಯ ತಳವನ್ನು ಗ್ಯಾಸ್ ಉರಿಗೆ ಹಿಡಿದು ಸುಟ್ಟು, ಆರಿದ ಮೇಲೆ ಉಜ್ಜಿ.

ಫಿಲ್ಟರಿನಷ್ಟು ಕಾಯೋದಕ್ಕೆ ಆಗದವರಿಗೆ ಮೋಕಾ ಪಾಟ್, ಒಲೆ ಮೇಲಿಟ್ಟರೆ ಆವಿಯ ಒತ್ತಡಕ್ಕೆ ಕಾಫಿ ಮೇಲಕ್ಕೇರುವ ಪಾತ್ರೆ. ಇಟಲಿಯಲ್ಲಿ 1933ರಲ್ಲಿ ಬಂದಿದ್ದು, ಐದಾರು ನಿಮಿಷಕ್ಕೆ ಹಾಲಿಗೆ ತಡೆದುಕೊಳ್ಳುವಂಥ ಗಟ್ಟಿ ಕಾಫಿ ಕೊಡುತ್ತದೆ. ಚಿಕ್ಕ ಸೈಜಿನದು ನಮ್ಮ ಗ್ಯಾಸ್ ಒಲೆಯ ಕಾಲುಗಳ ಮೇಲೆ ನಿಲ್ಲೋದಿಲ್ಲ, ಸಣ್ಣ ಸ್ಟ್ಯಾಂಡ್ ಬೇಕಾಗುತ್ತದೆ. ಅಲ್ಯೂಮಿನಿಯಂದು ಇಂಡಕ್ಷನ್ನಿಗೆ ಬರೋದಿಲ್ಲ. ಪಿಜಿಯಲ್ಲಿ ಇರುವವರಿಗೆ ಸಿರಿಂಜಿನ ಹಾಗೆ ಕೈಯಲ್ಲಿ ಒತ್ತಿ ಇಳಿಸುವ ಏರೋಪ್ರೆಸ್, ಒಡೆಯೋದಿಲ್ಲ, ತೊಳೆಯೋದು ಸುಲಭ. ಕಪ್ಪು ಕಾಫಿಗೆ ಹ್ಯಾರಿಯೊ ಕಂಪನಿಯ ವಿ60, ಪೇಪರ್ ಇಟ್ಟು ಇಳಿಸುವ ಡ್ರಿಪ್ಪರ್, ಪ್ಲಾಸ್ಟಿಕ್‌ನದ್ದೇ ತಗೊಳ್ಳಿ, ಅಗ್ಗ, ಸೆರಾಮಿಕ್‌ಗಿಂತ ಕಡಿಮೆ ಬಿಸಿ ಹೀರುತ್ತದೆ. 15 ಗ್ರಾಂ ಪುಡಿಗೆ 240 ಮಿಲಿ ನೀರು. ಪೇಪರ್ ಖರ್ಚು ಮಾತ್ರ ನಿಲ್ಲೋದಿಲ್ಲ. ಹತ್ತು ಸಾವಿರದೊಳಗಿನ ಎಸ್ಪ್ರೆಸೊ ಮೆಷಿನ್ನುಗಳ ಡಬ್ಬಿ ಮೇಲೆ 15 ಬಾರ್, 20 ಬಾರ್ ಅಂತ ಒತ್ತಡದ ಅಳತೆ ದೊಡ್ಡದಾಗಿ ಇರುತ್ತದೆ. ಎಸ್ಪ್ರೆಸೊಗೆ ಬೇಕಾಗಿರೋದೇ ಸುಮಾರು 9. ನೊರೆ ಬಂತು ಅಂತ ಖುಷಿಪಡಬೇಡಿ, ಆ ನೊರೆ ಬರಿಸೋದಕ್ಕೇ ಪುಡಿ ಹಾಕುವ ಬುಟ್ಟಿಯ ತಳದಲ್ಲಿ ಒಂದೇ ಸಣ್ಣ ತೂತು ಬಿಟ್ಟಿರುತ್ತಾರೆ.

ಬೀಜ ತರುವಾಗ ಹುರಿದ ತಾರೀಕು ನೋಡಿ, ಎಕ್ಸ್‌ಪೈರಿ ಅಲ್ಲ. ಹಾಲಿನ ಕಾಫಿಗೆ ಪ್ಲಾಂಟೇಷನ್ ಎ (ದೊಡ್ಡ ಅರೇಬಿಕಾ ಬೀಜ) ಅಥವಾ ಪೀಬೆರಿ (ದುಂಡು ಬೀಜ) ಜೊತೆ ಸ್ವಲ್ಪ ರೊಬಸ್ಟಾ, ಗಟ್ಟಿತನ ಬರುತ್ತದೆ. ಕಪ್ಪು ಕಾಫಿಗೆ ಮಧ್ಯಮ ಹುರಿದ ಅರೇಬಿಕಾ, ಚಿಕ್ಕಮಗಳೂರು ಕಡೆಯದೋ ಬಿಳಿಗಿರಿರಂಗನ ಬೆಟ್ಟದ್ದೋ, ಒಂದೊಂದು ಸಲ ಒಂದೊಂದು ತಂದು ನೋಡಿ. ಎಣ್ಣೆ ಬಿಟ್ಟು ಹೊಳೆಯುವಷ್ಟು ಕಪ್ಪಗೆ ಹುರಿದದ್ದನ್ನು ಕೈ ಗ್ರೈಂಡರಿಗೆ ಹಾಕುತ್ತಿದ್ದರೆ ವಾರಕ್ಕೊಮ್ಮೆ ಬಿಚ್ಚಿ ಬ್ರಷ್ ಹೊಡೆಯಬೇಕು. ನೀರಲ್ಲಿ ತೊಳೆಯಬೇಡಿ, ಬರ್ ತುಕ್ಕು ಹಿಡಿಯಬಹುದು.