‘ಅರ್ಜೆಂಟ್ ವೀಸಾ’ ಅಂದವರನ್ನು ನಂಬಿ ನಾನು ಕೆಟ್ಟ ಕಥೆ

ಗಲ್ಫ್‌ನಲ್ಲಿ ಕೆಲಸ ಮಾಡಿಕೊಂಡು ರಜೆಗೆ ಊರಿಗೆ ಬರುವ ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಇದನ್ನು ಬರೆಯುತ್ತಿದ್ದೇನೆ. ‘ಹೆಂಗೂ ಊರಲ್ಲಿ ಒಂದು ತಿಂಗಳು ಇರ್ತೀನಿ, ಯುರೋಪ್ ವೀಸಾ ಇಲ್ಲಿಂದಲೇ ಬೇಗ ಮಾಡಿಸಿಬಿಡೋಣ’ ಅಂತ ನಿಮಗೂ ಅನಿಸಿದ್ದರೆ, ಏಜೆಂಟ್ ಕೈಗೆ ದುಡ್ಡು ಕೊಡುವ ಮುಂಚೆ ಹತ್ತು ನಿಮಿಷ ಇದನ್ನು ಓದಿ.

ನಾನು ಹುಬ್ಬಳ್ಳಿಯವನು. ಎಂಟು ವರ್ಷದಿಂದ ದುಬೈನಲ್ಲಿದ್ದೇನೆ. ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ನೋಡುವ ಕೆಲಸ. ತಂಗಿ ಜರ್ಮನಿಯಲ್ಲಿ ಎಂ.ಎಸ್. ಮುಗಿಸಿದಳು. 2025ರ ಜುಲೈ 4ಕ್ಕೆ ಅವಳ ಪದವಿ ಸಮಾರಂಭ. ಅಪ್ಪನಿಗೆ ಮೊಣಕಾಲು ನೋವು, ಅವ್ವ ಅಪ್ಪನನ್ನು ಬಿಟ್ಟು ಎಲ್ಲೂ ಹೋಗುವವಳಲ್ಲ. ಮನೆಯಿಂದ ನಾನೊಬ್ಬನಾದರೂ ಅಲ್ಲಿ ಕೂತಿರಬೇಕು ಅಂತ ಆಸೆ.

ಮೊದಲ ತಪ್ಪು ನನ್ನದೇ, ಏಜೆಂಟನದಲ್ಲ. ತಂಗಿ ಮಾರ್ಚ್‌ನಲ್ಲೇ ತಾರೀಖು ಹೇಳಿದ್ದಳು. ಶೆಂಗೆನ್ ವೀಸಾಕ್ಕೆ (ಜರ್ಮನಿ, ಫ್ರಾನ್ಸ್‌ನಂಥ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ನಾನು ಏಪ್ರಿಲ್ ಪೂರ್ತಿ ‘ಮಾಡೋಣ, ಮಾಡೋಣ’ ಅಂದೆ. ಮೇ ನಡುವೆ ದುಬೈನ ವೀಸಾ ಕೇಂದ್ರದ ಪೋರ್ಟಲ್ ತೆರೆದರೆ ಒಂದು ಸ್ಲಾಟೂ ಇಲ್ಲ, ಅಂದರೆ ಅರ್ಜಿ ಕೊಡಲು ಹೋಗುವ ಸಮಯ ಎಲ್ಲೂ ಖಾಲಿ ಇಲ್ಲ. ಬೇಸಿಗೆಯಲ್ಲಿ ಅಲ್ಲಿ ಶಾಲೆಗಳಿಗೆ ರಜೆ, ಅರ್ಧ ದುಬೈ ಯುರೋಪಿಗೆ ಹೊರಟಿರುತ್ತದೆ. ಎರಡು ವಾರ ದಿನಾ ನೋಡಿದೆ. ಆಮೇಲೆ ಬೇಸರವಾಗಿ ಬಿಟ್ಟೆ. ಜೂನ್ 1ಕ್ಕೆ ರಜೆ ಮೇಲೆ ಹುಬ್ಬಳ್ಳಿಗೆ ಬಂದೆ. ವಾಪಸ್ ಟಿಕೆಟ್ ಜುಲೈ 10ಕ್ಕೆ ಇತ್ತು.

ಮನೆಯಲ್ಲಿ ಈ ವಿಷಯ ಬಂದಾಗ ಕಾಕಾನ ಮಗ ಒಬ್ಬ ಏಜೆಂಟನ ಹೆಸರು ಹೇಳಿದ. ಕಾಂಪ್ಲೆಕ್ಸ್ ಒಂದರಲ್ಲಿ, ಝೆರಾಕ್ಸ್ ಅಂಗಡಿ ಮೇಲಿನ ಸಣ್ಣ ಆಫೀಸು. ಗೋಡೆ ತುಂಬಾ ಐಫೆಲ್ ಟವರ್, ಆಲ್ಪ್ಸ್ ಬೆಟ್ಟ. ಮೇಜಿನ ಮೇಲೆ ಪಾಸ್‌ಪೋರ್ಟುಗಳ ಕಟ್ಟು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಅಷ್ಟು ಪಾಸ್‌ಪೋರ್ಟ್ ನೋಡಿಯೇ ನನಗೆ ನಂಬಿಕೆ ಬಂತು ಅಂದರೆ ನಗಬೇಡಿ.

ಚಹಾ ತರಿಸಿದ. ನನ್ನ ಕಥೆ ಕೇಳಿದ. ಆಮೇಲೆ ಹೇಳಿದ: “ಸರ್ರ, ನೀವು ದುಬೈನಾಗ ಇರ್ತೀರಿ ಅಂತ ಬರದ್ರ ಇಲ್ಲೆ ತಗೊಳ್ಳಂಗಿಲ್ಲ. ಹುಬ್ಬಳ್ಯಾಗ ಕೆಲಸ ಮಾಡ್ತೀರಿ ಅಂತ ತೋರ್ಸೋಣ್ರಿ. ವಾರದಾಗ ಸ್ಲಾಟ್, ಹತ್ತು ದಿನದಾಗ ವೀಸಾ. ನಂದು ಗ್ಯಾರಂಟಿ.”

ಅವನು ಹೇಳಿದ ಮೊದಲ ಮಾತಿನಲ್ಲಿ ಸ್ವಲ್ಪ ನಿಜ ಇತ್ತು. ಅದಕ್ಕೇ ನಾನು ಬಿದ್ದೆ. ನಿಯಮದ ಪ್ರಕಾರ ಶೆಂಗೆನ್ ಅರ್ಜಿಯನ್ನು ನೀವು ಕಾನೂನುಬದ್ಧವಾಗಿ ವಾಸ ಮಾಡುವ ದೇಶದಲ್ಲಿ ಹಾಕಬೇಕು. ನೀವು ಯಾವ ದೇಶದ ಪ್ರಜೆ ಅನ್ನುವುದು ಲೆಕ್ಕಕ್ಕಿಲ್ಲ, ಎಲ್ಲಿ ವಾಸ ಅನ್ನುವುದು ಲೆಕ್ಕ. ನಾನು ದುಬೈ ನಿವಾಸಿ, ಹಾಗಾಗಿ ನನ್ನ ಜಾಗ ದುಬೈ. ಬೇರೆ ಕಡೆ ಇದ್ದಾಗ ಅಲ್ಲಿಯೇ ಹಾಕಬೇಕಾದರೆ, ಯಾಕೆ ಅಂತ ಒಪ್ಪುವಂಥ ಕಾರಣ ಕೊಡಬೇಕು. ಒಪ್ಪುವುದು ಬಿಡುವುದು ಕಾನ್ಸುಲೇಟಿಗೆ ಬಿಟ್ಟದ್ದು. ನಾನು ಆ ಕಾರಣ ಬರೆದು ಕೇಳಬಹುದಿತ್ತು. ಬೇಡ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಏಜೆಂಟ್ ಒಟ್ಟು 38 ಸಾವಿರ ಕೇಳಿದ. ಲೆಕ್ಕ ಆಮೇಲೆ ಹಾಕಿದೆ. ದೊಡ್ಡವರಿಗೆ ವೀಸಾ ಫೀ 90 ಯೂರೋ, 2024ರ ಜೂನ್‌ನಿಂದ ಇದೇ ದರ. ರೂಪಾಯಿಯಲ್ಲಿ ಆಗ ಹತ್ತಿರ ಹತ್ತಿರ 9 ಸಾವಿರ. ವೀಸಾ ಕೇಂದ್ರದ ಚಾರ್ಜು ಎರಡು ಸಾವಿರದ ಆಸುಪಾಸು. ಇನ್ಶೂರೆನ್ಸ್ ಒಂದೂವರೆ ಸಾವಿರ. ಉಳಿದ 25 ಸಾವಿರ ಯಾವುದಕ್ಕೆ? ‘ಪ್ರೀಮಿಯಂ ಸ್ಲಾಟ್’ ಅಂದ. ಸ್ಲಾಟಿಗೆ ದುಡ್ಡೇ ಇಲ್ಲ, ಸ್ವಾಮಿ. ಕೇಂದ್ರದ ಪೋರ್ಟಲ್‌ನಲ್ಲಿ ಅದು ಪುಕ್ಕಟೆ. ಪ್ರೀಮಿಯಂ ಲಾಂಜ್ ಅಂತ ಒಂದು ಇರುತ್ತದೆ, ನಿಜ. ಅಲ್ಲಿ ದುಡ್ಡು ಕೊಟ್ಟರೆ ಮೆತ್ತನೆ ಸೋಫಾ ಸಿಗುತ್ತದೆ, ವೀಸಾ ಬೇಗ ಸಿಗುವುದಿಲ್ಲ.

ಕಾಗದ ಪತ್ರ ಶುರುವಾಯಿತು. ಕಾಕಾನ ಮಗನದು ಪಂಪ್‌ಸೆಟ್ ಸ್ಪೇರ್ ಪಾರ್ಟ್ಸ್ ಅಂಗಡಿ. ಅವನ ಲೆಟರ್‌ಹೆಡ್ ಮೇಲೆ ನಾನು ಐದು ವರ್ಷದಿಂದ ಸೇಲ್ಸ್ ಮ್ಯಾನೇಜರ್ ಆದೆ. ಅವನಿಗೆ ಇರುವುದು ಒಬ್ಬ ಹುಡುಗ, ಒಂದು ತಕ್ಕಡಿ. ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ನನ್ನ ಎನ್‌ಆರ್‌ಇ ಅಕೌಂಟ್ ಕೊಡಲು ಹೋದರೆ ಏಜೆಂಟ್ ಹೌಹಾರಿದ. ಎನ್‌ಆರ್‌ಇ ಅಂದರೇ ಹೊರದೇಶದಲ್ಲಿ ಇರುವವನ ಖಾತೆ! ಕಾಲೇಜು ಕಾಲದ ಒಂದು ಹಳೆ ಎಸ್‌ಬಿ ಖಾತೆ ಇತ್ತು. ಅದನ್ನು ನಾನು ಎಂದೋ ಎನ್‌ಆರ್‌ಒ (ಅದೂ ಅನಿವಾಸಿಗಳದೇ ಖಾತೆ) ಮಾಡಿಸಬೇಕಿತ್ತು, ಮಾಡಿಸಿರಲಿಲ್ಲ, ಅದು ಬೇರೆಯೇ ತಪ್ಪು. ಅದಕ್ಕೆ ಅಪ್ಪನ ಖಾತೆಯಿಂದ ನಾಲ್ಕೂವರೆ ಲಕ್ಷ ಹಾಕಿಸಿದೆವು. ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆದರೆ ಮೊದಲ ಎರಡು ಪುಟ ಬರೀ ಬಡ್ಡಿ 40 ರೂಪಾಯಿ, ಎಸ್‌ಎಂಎಸ್ ಚಾರ್ಜು. ಕೊನೆ ಸಾಲಿನಲ್ಲಿ 4,50,000. ಸಣ್ಣ ಹುಡುಗನಿಗೂ ಗೊತ್ತಾಗುತ್ತದೆ ಅಲ್ವಾ? ನನಗೆ ಗೊತ್ತಾಗಲಿಲ್ಲ.

ಅರ್ಜಿ ಫಾರಂನಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮ ಪೌರತ್ವದ ದೇಶ ಬಿಟ್ಟು ಬೇರೆ ದೇಶದಲ್ಲಿ ವಾಸ ಇದ್ದೀರಾ? ಹೌದು ಅಂದರೆ ಅಲ್ಲಿನ ಪರವಾನಗಿ ನಂಬರ್ ಬರೆಯಬೇಕು. ಏಜೆಂಟ್ ‘ಇಲ್ಲ’ಕ್ಕೆ ಟಿಕ್ ಹಾಕಿದ. ನಾನು ತಡವರಿಸಿದ್ದು ನೋಡಿ ಅಂದ: “ಪಾಸ್‌ಪೋರ್ಟಿನ್ಯಾಗ ದುಬೈ ಸ್ಟಿಕ್ಕರ್ ಎಲ್ಲೈತ್ರಿ? ಯಾರಿಗೆ ಗೊತ್ತಾಕ್ಕೈತಿ?” ಅದೂ ಹೌದು. ಯುಎಇಯವರು 2022ರಿಂದ ರೆಸಿಡೆನ್ಸ್ ಸ್ಟಿಕ್ಕರ್ ಅಂಟಿಸುವುದನ್ನು ನಿಲ್ಲಿಸಿದ್ದಾರೆ, ಈಗ ಅಲ್ಲಿನ ಗುರುತಿನ ಚೀಟಿ ಎಮಿರೇಟ್ಸ್ ಐಡಿಯೇ ಸಾಕು. ನನ್ನ ಪಾಸ್‌ಪೋರ್ಟ್ 2023ರಲ್ಲಿ ಹೊಸದಾಗಿ ಮಾಡಿಸಿದ್ದು, ಅದರಲ್ಲಿ ಸ್ಟಿಕ್ಕರ್ ಇಲ್ಲ. ಸುಮ್ನೆ ಸಹಿ ಹಾಕಿದೆ. ಸಹಿ ಮೇಲಿನ ಸಣ್ಣ ಅಕ್ಷರದಲ್ಲಿ, ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕಾರವಾಗುತ್ತದೆ, ಕೇಸೂ ಆಗಬಹುದು ಅಂತ ಬರೆದಿತ್ತು. ಅದನ್ನು ಓದಿದ್ದು ಒಂದು ತಿಂಗಳ ಮೇಲೆ.

ಜೂನ್ 12ಕ್ಕೆ ಬೆಂಗಳೂರಿನಲ್ಲಿ ಸ್ಲಾಟ್. ಹಿಂದಿನ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ, ಗಂಟಲಲ್ಲಿ ಇಳಿಯಲಿಲ್ಲ.

ಕೌಂಟರ್‌ನಲ್ಲಿದ್ದ ಹುಡುಗಿ ಒಂದೊಂದೇ ಕಾಗದ ನೋಡಿ ಕ್ಲಿಪ್ ಹಾಕುತ್ತಿದ್ದಳು. ಪಾಸ್‌ಪೋರ್ಟಿನ ಮೊದಲ ಪುಟ ತೆಗೆದವಳು ನಿಂತಳು. ಪೆನ್ನಿನ ತುದಿಯಿಂದ ಒಂದು ಕಡೆ ತೋರಿಸಿದಳು.

“ಸರ್, ಪ್ಲೇಸ್ ಆಫ್ ಇಶ್ಯೂ ದುಬೈ ಅಂತ ಇದೆ. ನೀವು ಅಲ್ಲಿ ವಾಸ ಇಲ್ವಾ?”

ನೋಡಿ, ಸ್ಟಿಕ್ಕರ್ ಇಲ್ಲ ಅಂತ ಏಜೆಂಟ್ ಬೀಗಿದ್ದ. ಪಾಸ್‌ಪೋರ್ಟ್ ನಾನು ದುಬೈನ ಭಾರತೀಯ ದೂತಾವಾಸದಲ್ಲೇ ನವೀಕರಿಸಿದ್ದು ಅನ್ನುವುದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನನ್ನದೇ ಫೋಟೋ ಪಕ್ಕ ಕಪ್ಪು ಅಕ್ಷರದಲ್ಲಿ ದುಬೈ ಅಂತ ಅಚ್ಚಾಗಿದೆ. ಒಳಗಿನ ಪುಟದಲ್ಲಿ ಜೂನ್ 1ರ ಅರೈವಲ್ ಸೀಲ್, ಶಾಯಿ ಇನ್ನೂ ಹೊಸದು. ಐದು ವರ್ಷದಿಂದ ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮಾರುವವನು!

“ಮೊದಲು ಇದ್ದೆ, ಈಗ ಬಿಟ್ಟು ಬಂದೆ” ಅಂದೆ. ನನ್ನ ದನಿ ನನಗೇ ಕೇಳಲಿಲ್ಲ. ಅವಳು ಏನೂ ಅನ್ನಲಿಲ್ಲ. “ನಿರ್ಧಾರ ನಮ್ದಲ್ಲ ಸರ್, ನಾವು ಪೇಪರ್ಸ್ ಕಳಿಸ್ತೀವಿ ಅಷ್ಟೇ” ಅಂದಳು. ಬೆರಳಚ್ಚು, ಫೋಟೋ ತೆಗೆದುಕೊಂಡರು. ಪಾಸ್‌ಪೋರ್ಟ್ ಅವರ ಹತ್ತಿರ ಉಳಿಯಿತು.

ಇನ್ನೊಂದು ವಾರದಲ್ಲಿ ಆದದ್ದು ನೆನೆದರೆ ಈಗ ನಗು ಬರುತ್ತದೆ. ಕಾಕಾನ ಮಗ ಬ್ಯಾಂಕಿಗೆ ಹೋಗಿದ್ದಾಗ ಅಂಗಡಿಗೆ ಒಂದು ಫೋನ್. ಎತ್ತಿದ್ದು ಆ ಹುಡುಗ. ಸಂಜೆ ನಾನು ಅಂಗಡಿಗೆ ಹೋದಾಗ ಭಾರೀ ಖುಷಿಯಿಂದ ಹೇಳಿದ: “ಅಣ್ಣಾರ, ನಿಮ್ಮನ್ನ ಕೇಳ್ಕೊಂಡು ಫೋನ್ ಬಂದಿತ್ರಿ. ಹಿಂದಿ ಮಾತಾಡ್ತಿದ್ರು. ಇಲ್ಲೆ ಕೆಲಸ ಮಾಡ್ತಾರನು ಅಂದ್ರು. ಇಲ್ರಿ, ಅವರು ದುಬೈನಾಗ ಭಾಳ ದೊಡ್ಡ ಕೆಲಸದಾಗ ಅದಾರ, ರಜಾಕ್ಕ ಬಂದಾರ ಅಂತ ಹೇಳೀನ್ರಿ.”

ಅವನಿಗೆ ಏನು ಬೈಯಲಿ? ಇಡೀ ಫೈಲಿನಲ್ಲಿ ನಿಜ ಹೇಳಿದವನು ಅವನೊಬ್ಬನೇ.

ಏಜೆಂಟನಿಗೆ ಹೇಳಿದರೆ, “ಏನೂ ಆಗಂಗಿಲ್ರಿ, ಟೆನ್ಶನ್ ತಗೋಬ್ಯಾಡ್ರಿ” ಅಂದ. ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, ಆದರೆ ಅನುಮಾನ ಬಂದು ಹೆಚ್ಚು ಪರಿಶೀಲನೆ ಬೇಕಾದರೆ 45 ದಿನದ ತನಕ ಎಳೆಯಬಹುದು. ಇದನ್ನೂ ಏಜೆಂಟ್ ಹೇಳಿರಲಿಲ್ಲ. ಜುಲೈ 1ಕ್ಕೆ ನನಗೆ ಗಾಬರಿ ಶುರುವಾಯಿತು. ಸಮಾರಂಭದ ಆಸೆ ಆಗಲೇ ಬಿಟ್ಟಿದ್ದೆ. 10ಕ್ಕೆ ದುಬೈಗೆ ಹೋಗಲು ಪಾಸ್‌ಪೋರ್ಟ್ ಬೇಕಲ್ಲ? ಅರ್ಜಿ ಹಿಂತೆಗೆದುಕೊಂಡು ಪಾಸ್‌ಪೋರ್ಟ್ ವಾಪಸ್ ಕೇಳುವ ದಾರಿ ಇದೆ, ಫೀ ಮಾತ್ರ ಹೋಗುತ್ತದೆ. “ಇವತ್ತ ನಾಳೆ ಬರತೈತ್ರಿ, ಯಾಕ ಕೈಯಾಗಿಂದು ಕಳ್ಕೋತೀರಿ” ಅಂದ ಏಜೆಂಟ್. ಮತ್ತೆ ಅವನ ಮಾತು ಕೇಳಿದೆ.

4ನೇ ತಾರೀಖು ಮನೆಯಲ್ಲಿ ವಿಡಿಯೋ ಕಾಲ್‌ನಲ್ಲೇ ಸಮಾರಂಭ ನೋಡಿದೆವು. ತಂಗಿಯ ಹೆಸರು ಕರೆಯುವ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಸಿಕ್ಕಿಕೊಂಡಿತು. ಅವ್ವ ಮೊಬೈಲನ್ನೇ ಒಂದು ಏಟು ಹೊಡೆದಳು.

8ಕ್ಕೆ ತೀರ್ಮಾನವಾಯಿತು. ಪಾಸ್‌ಪೋರ್ಟ್ ಕೊರಿಯರ್‌ನಲ್ಲಿ ಹುಬ್ಬಳ್ಳಿಗೆ ಬಂದದ್ದು 14ಕ್ಕೆ. ಟಿಕೆಟ್ ಹೋಯಿತು, ಹೊಸ ಟಿಕೆಟಿಗೆ 27 ಸಾವಿರ. ನಾಲ್ಕೈದು ದಿನದ ಸಂಬಳ ಹೋಯಿತು. ಮ್ಯಾನೇಜರ್‌ಗೆ, ನನ್ನ ಪಾಸ್‌ಪೋರ್ಟ್ ಇನ್ನೊಂದು ದೇಶದ ಕಾನ್ಸುಲೇಟಿನಲ್ಲಿ ಯಾಕಿದೆ ಅಂತ ಹೇಳುವಾಗ ಬಂದ ನಾಚಿಕೆಗೆ ಲೆಕ್ಕವಿಲ್ಲ.

ಪಾಸ್‌ಪೋರ್ಟ್ ಜೊತೆ ತಿರಸ್ಕಾರದ ಫಾರಂ ಇತ್ತು. ಅದರಲ್ಲಿ ಕಾರಣಗಳ ಪಟ್ಟಿ ಇರುತ್ತದೆ, ನಿಮಗೆ ಹೊಂದುವುದಕ್ಕೆ ಗುರುತು ಹಾಕಿರುತ್ತಾರೆ. ನನಗೆ ಹಾಕಿದ್ದು: ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ. ತಂಗಿಯ ಆಮಂತ್ರಣ ಅಪ್ಪಟ ನಿಜ. ಸುತ್ತಲಿನ ಸುಳ್ಳುಗಳ ಜೊತೆ ಅದೂ ಸುಳ್ಳಿನ ಲೆಕ್ಕಕ್ಕೆ ಹೋಯಿತು. ಮೊದಲಾಗಿದ್ದರೆ ಜರ್ಮನಿಯವರಿಗೆ ಪತ್ರ ಬರೆದು ಮತ್ತೊಮ್ಮೆ ನೋಡಿ ಅಂತ ಕೇಳಬಹುದಿತ್ತು. ಆ ಸೌಲಭ್ಯವನ್ನು ಅವರು 2025ರ ಜುಲೈ 1ರಿಂದ ನಿಲ್ಲಿಸಿದರು. ನನಗೆ ಅದು ಕೈತಪ್ಪಿದ್ದು ಒಂದೇ ವಾರದಲ್ಲಿ. ಈಗ ಇರುವುದು ಎರಡೇ ದಾರಿ, ಹೊಸ ಅರ್ಜಿ ಅಥವಾ ಬರ್ಲಿನ್ ಕೋರ್ಟು. ಧಾರವಾಡದ ಕೋರ್ಟಿನ ಮೆಟ್ಟಿಲೇ ಹತ್ತದವನು ಬರ್ಲಿನ್‌ಗೆ ಎಲ್ಲಿ ಹೋಗಲಿ?

ಇನ್ನೊಂದು ಮಾತು. ಈ ತಿರಸ್ಕಾರ ಶೆಂಗೆನ್ ದೇಶಗಳ ಒಂದೇ ವ್ಯವಸ್ಥೆಯಲ್ಲಿ ಐದು ವರ್ಷದ ತನಕ ಉಳಿಯುತ್ತದೆ. ಜರ್ಮನಿ ಬೇಡ, ಫ್ರಾನ್ಸ್‌ಗೆ ಹಾಕೋಣ ಅಂದರೂ ಅವರಿಗೂ ಕಾಣುತ್ತದೆ. ಬ್ರಿಟನ್, ಕೆನಡಾದ ಅರ್ಜಿಗಳಲ್ಲಿ ‘ಯಾವತ್ತಾದರೂ ವೀಸಾ ತಿರಸ್ಕಾರ ಆಗಿದೆಯಾ’ ಅಂತಲೇ ಕೇಳುತ್ತಾರೆ. ಇನ್ನು ಮೇಲೆ ನಾನು ಅಲ್ಲಿ ಪ್ರತಿ ಸಲ ‘ಹೌದು’ ಅಂತ ಬರೆದು ಈ ಪಂಪ್‌ಸೆಟ್ ಕಥೆ ಹೇಳಬೇಕು.

ಸೆಪ್ಟೆಂಬರ್‌ನಲ್ಲಿ ದುಬೈನಿಂದ ಮತ್ತೆ ಹಾಕಿದೆ. ಈ ಸಲ ನಾನೇ ಕೂತು. ದಿನಾ ಬೆಳಿಗ್ಗೆ ಎದ್ದ ತಕ್ಷಣ ಪೋರ್ಟಲ್ ನೋಡುತ್ತಿದ್ದೆ. ಯಾರೋ ರದ್ದು ಮಾಡಿದ ಸ್ಲಾಟ್ ಒಂಬತ್ತನೇ ದಿನ ಸಿಕ್ಕಿತು. ಕಂಪನಿಯ ಎನ್‌ಒಸಿ, ಸಂಬಳದ ಪತ್ರ, ಸಂಬಳ ಬೀಳುವ ಖಾತೆಯದೇ ಸ್ಟೇಟ್‌ಮೆಂಟ್, ಎಮಿರೇಟ್ಸ್ ಐಡಿ, 30 ಸಾವಿರ ಯೂರೋ ಕವರ್ ಇರುವ ಇನ್ಶೂರೆನ್ಸ್ ಕೊಟ್ಟೆ. ದುಬೈ ರೆಸಿಡೆನ್ಸಿ ಯುರೋಪಿನಿಂದ ವಾಪಸಾದ ಮೇಲೂ ಮೂರು ತಿಂಗಳು ಇರಬೇಕು ಅಂತ ಕೇಳುತ್ತಾರೆ, ನಿಮ್ಮದು ಮುಗಿಯುತ್ತಾ ಬಂದಿದ್ದರೆ ಅದನ್ನು ಮೊದಲು ನವೀಕರಿಸಿ. ಜೊತೆಗೆ ಒಂದು ಪುಟದ ಪತ್ರ ಬರೆದೆ. ಜೂನ್‌ನಲ್ಲಿ ಏನು ಮಾಡಿದೆ, ಯಾಕೆ ಮಾಡಿದೆ, ತಪ್ಪು ನನ್ನದು ಅಂತ. ನಾಲ್ಕು ವಾರ ಕಾಯಿಸಿದರು. ಒಂದೇ ಸಲ ಹೋಗಿಬರುವ 12 ದಿನದ ವೀಸಾ ಕೊಟ್ಟರು. ತಂಗಿಯನ್ನು ನವೆಂಬರ್ ಚಳಿಯಲ್ಲಿ ನೋಡಿಬಂದೆ. ಧಾರವಾಡ ಪೇಡಾ ತರಲೇ ಅಂದರೆ, ಹಾಲಿನ ಪದಾರ್ಥ ಯುರೋಪಿನೊಳಗೆ ಬಿಡುವುದಿಲ್ಲ, ಇನ್ನೊಂದು ಲಫಡಾ ಮಾಡ್ಕೋಬ್ಯಾಡ ಅಂದಳು.

ಏಜೆಂಟನ ಹತ್ತಿರ ದುಡ್ಡು ಕೇಳಲು ಜುಲೈನಲ್ಲೇ ಮೂರು ಸಲ ಮೆಟ್ಟಿಲು ಹತ್ತಿದ್ದೆ. ರಸೀದಿ ಇಲ್ಲ, ಫೋನ್‌ಪೇ ಮಾಡಿರಲಿಲ್ಲ, ಎಲ್ಲ ನಗದು. ಕೊನೆಗೆ ಆರು ಸಾವಿರ ಕೊಟ್ಟ, ಅದೂ ಉಪಕಾರ ಮಾಡಿದವನ ಹಾಗೆ. ಅದೇ ರಬ್ಬರ್ ಬ್ಯಾಂಡಿನ ಕಟ್ಟು ಮೇಜಿನ ಮೇಲೆ ಇತ್ತು, ಸ್ವಲ್ಪ ದಪ್ಪ ಆಗಿತ್ತು. ಹೋದ ವಾರ ಅವನಿಂದ ವಾಟ್ಸಾಪ್ ಬಂತು: “ಸರ್ರ, ಗ್ರೀಸ್ ಸ್ಲಾಟ್ ಓಪನ್ ಆಗ್ಯಾವ. ಹಳೇ ಕಸ್ಟಮರ್ ಅಂತ ನಿಮಗ ಡಿಸ್ಕೌಂಟ್ ಐತ್ರಿ.”